ಅರಿಯರ್ಸ್ ಬಂದ ದಿನ ಅಂಗಡಿಗೆ ಹೋಗಬೇಡಿ

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿ ಎಂಟು ತಿಂಗಳಾಯಿತು. ವಿಷಯ ಮೆಟೀರಿಯಲ್ಸ್. ಫೆಲೋಶಿಪ್ ತಿಂಗಳಿಗೆ 37,000. ಮೊದಲ ಆರು ತಿಂಗಳದ್ದು ಬಂದಿರಲಿಲ್ಲ, ಈಗ ಎಲ್ಲ ಒಟ್ಟಿಗೇ ಖಾತೆಗೆ ಬಿದ್ದಿದೆ. ಲ್ಯಾಬಿನಲ್ಲಿ ಎಲ್ಲರ ಹತ್ತಿರವೂ ದುಬಾರಿ ಲ್ಯಾಪ್‌ಟಾಪ್ ಇದೆ, ಪೆನ್ನಿನಲ್ಲಿ ಬರೆಯುವ ಟ್ಯಾಬ್ ಇದೆ. ನನ್ನದು ಬಿ.ಎಸ್ಸಿ.ಯಲ್ಲಿ ತೆಗೆದುಕೊಂಡ ಹಳೇ ಲ್ಯಾಪ್‌ಟಾಪ್. ಎರಡೂ ಹೊಸದು ತೆಗೆದುಕೊಂಡರೆ ಎರಡು ಲಕ್ಷದ ಹತ್ತಿರ ಆಗುತ್ತದೆ. ಅಪ್ಪನನ್ನು ಕೇಳಿದರೆ ‘ಓದಿಗೆ ಬೇಕಾದ್ದು ತಗೊಳವ್ವ’ ಅಂತಾರೆ. ಓದಿಗೆ ನಿಜವಾಗಲೂ ಇವೆಲ್ಲ ಬೇಕಾ? ನೀವು ಏನು ಬಳಸುತ್ತೀರಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಟ್ಯಾಬ್ ಈಗ ಬೇಡ. ಲ್ಯಾಪ್‌ಟಾಪ್ ಬೇಕು, ಆದರೆ ನಿಮ್ಮ ಕಣ್ಣಿಗೆ ಬಿದ್ದಿರುವುದರ ಅರ್ಧ ಬೆಲೆಯದ್ದು ಸಾಕು. ಅದಕ್ಕೂ ಮೊದಲು ಎರಡು ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಲ್ಯಾಬಿನಲ್ಲಿ ಅದನ್ನು ನೋಡಿ ಯಾರೂ ‘ವಾವ್’ ಅನ್ನುವುದಿಲ್ಲ. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದಕ್ಕೆ ನನ್ನದೇ ಒಂದು ಕಥೆ ಇದೆ.

2004ರಲ್ಲಿ ನನಗೂ ಹೀಗೇ ಅರಿಯರ್ಸ್ ಬಂತು. ಮರುದಿನವೇ ಸೀನಿಯರ್ ಒಬ್ಬರನ್ನು ಕಟ್ಟಿಕೊಂಡು ಎಸ್.ಪಿ. ರಸ್ತೆಗೆ ಹೋದೆ. ನೀವು ಹೊಸಬರು, ಗೊತ್ತಿರಲಿಕ್ಕಿಲ್ಲ. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಸಿಟಿ ಮಾರ್ಕೆಟ್‌ನಿಂದ ನಡೆದು ಹೋಗುವಷ್ಟು ದೂರ. ರೆಸಿಸ್ಟರ್‌ನಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲ ಸಿಗುತ್ತದೆ. ಆಗ ಬಿಡಿ ಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುವ ಕಾಲ. ಮದರ್‌ಬೋರ್ಡ್ ಒಂದು ಅಂಗಡಿಯಲ್ಲಿ, ಕ್ಯಾಬಿನೆಟ್ ಇನ್ನೊಂದರಲ್ಲಿ. ನಾನು 17 ಇಂಚಿನ ಮಾನಿಟರ್ ತೆಗೆದುಕೊಂಡೆ. ಸಬ್‌ವೂಫರ್ ಇರುವ ಸ್ಪೀಕರ್ ತೆಗೆದುಕೊಂಡೆ. ಸೀನಿಯರ್ ‘ಸಿಡಿ ರೈಟರ್ ಹಾಕಿಸ್ಕೊಳೇ’ ಅಂದರು. ದುಡ್ಡು ಸಾಲುವುದಿಲ್ಲ ಅಂದೆ. ಸ್ಪೀಕರ್ ಬಿಟ್ಟಿದ್ದರೆ ಆರಾಮಾಗಿ ಸಾಲುತ್ತಿತ್ತು.

ಎರಡು ವರ್ಷ ಚೆನ್ನಾಗಿ ನಡೆಯಿತು. 2006ರ ಮಳೆಗಾಲ. ಒಂದು ಬೆಳಿಗ್ಗೆ ಸ್ವಿಚ್ ಹಾಕಿದರೆ ಒಳಗಿನಿಂದ ಟಕ್, ಟಕ್, ಟಕ್ ಅಂತ ಸದ್ದು. ಪರದೆ ಕಪ್ಪು. ಹಾರ್ಡ್ ಡಿಸ್ಕ್ ಬಿಚ್ಚಿ, ಟವೆಲ್‌ನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಮತ್ತೆ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವರು ಅದಕ್ಕೆ ಕರೆಂಟ್ ಕೊಟ್ಟು ಕಿವಿಯ ಹತ್ತಿರ ಹಿಡಿದುಕೊಂಡರು, ಹಲಸಿನಹಣ್ಣು ತಟ್ಟಿ ನೋಡುವವರ ಹಾಗೆ. ‘ಹೆಡ್ ಹೋಗಿದೆ ಮೇಡಂ’ ಅಂದರು. ಡೇಟಾ ತೆಗೆಸಬಹುದು, ಬೇರೆ ಕಡೆ ಕಳಿಸಬೇಕು, ಬಂದರೆ ಬಂತು ಅಂದರು. ಹೇಳಿದ ರೇಟು ನನ್ನ ಎರಡು ತಿಂಗಳ ಫೆಲೋಶಿಪ್‌ಗಿಂತ ಜಾಸ್ತಿ ಇತ್ತು.

ಆ ಡಬ್ಬಿಯ ಒಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತದೆ. ಓದುವ ಹೆಡ್ಡು ಅದನ್ನು ಮುಟ್ಟುವುದಿಲ್ಲ. ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಕೂದಲೆಳೆಯ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಅಷ್ಟೇ ಸಂದು. ಇಷ್ಟು ನಾಜೂಕಾದ ವಸ್ತು ವರ್ಷಗಟ್ಟಲೆ ನಡೆಯುವುದೇ ದೊಡ್ಡದು. ಇದೆಲ್ಲ ನನಗೆ ಅವತ್ತೂ ಗೊತ್ತಿತ್ತು. ತೆಳು ಪದರಗಳ ಮೇಲೇ ಪಿಎಚ್‌ಡಿ ಮಾಡುತ್ತಿದ್ದವಳು ನಾನು. ಗೊತ್ತಿದ್ದೂ ಒಂದೇ ಕಾಪಿ ಇಟ್ಟುಕೊಂಡಿದ್ದೆ.

ಹೋದದ್ದು ನಾಲ್ಕು ತಿಂಗಳ ಕೆಲಸ. ಎಕ್ಸ್-ರೇ ಹಾಯಿಸಿ ವಸ್ತುವಿನ ಒಳರಚನೆ ನೋಡುವ ಎಕ್ಸ್‌ಆರ್‌ಡಿ ಯಂತ್ರದ ಕಂಪ್ಯೂಟರಿನಲ್ಲಿ ಹಳೇ ಫೈಲುಗಳು ಇರಬಹುದು ಅಂತ ಓಡಿದೆ. ಜಾಗ ಸಾಲದೆ ಹಿಂದಿನ ವಾರವೇ ಅಳಿಸಿದ್ದರು. ಕೊನೆಗೆ ಕೈಹಿಡಿದದ್ದು ಲ್ಯಾಬ್ ನೋಟ್‌ಬುಕ್. ಮುಖ್ಯವಾದ ಗ್ರಾಫ್‌ಗಳನ್ನು ಪ್ರಿಂಟ್ ಹಾಕಿ ಅದರಲ್ಲಿ ಗಮ್ ಹಚ್ಚಿ ಅಂಟಿಸುವ ಅಭ್ಯಾಸ ನಮ್ಮ ಗೈಡ್ ಕಲಿಸಿದ್ದರು. ನಮಗೆ ಅದು ಬೋರು ಅನಿಸುತ್ತಿತ್ತು. ಆ ಗ್ರಾಫ್‌ಗಳ ಮೇಲೆ ಸ್ಕೇಲ್ ಇಟ್ಟು, ಒಂದೊಂದು ಪೀಕ್ ಎಲ್ಲಿದೆ, ಎಷ್ಟು ಎತ್ತರ ಇದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಬರೆದುಕೊಂಡೆ. ಹಾಸ್ಟೆಲ್ ಕೋಣೆಯಲ್ಲಿ ಮೂರು ರಾತ್ರಿ ಅದೇ ಕೆಲಸ. ಯಾವ ಸ್ಯಾಂಪಲ್ ಮತ್ತೆ ಮಾಡಬೇಕು, ಯಾವುದು ಬೇಡ ಅಂತ ನಿರ್ಧರಿಸುವುದಕ್ಕೆ ಅಷ್ಟು ಸಾಕಾಯಿತು. ಆಮೇಲೆ ಮತ್ತೆ ಫರ್ನೇಸ್ ಮುಂದೆ ಕೂತೆ. ಸಬ್‌ವೂಫರ್ ಮಾತ್ರ ಗಟ್ಟಿಮುಟ್ಟಾಗಿತ್ತು. 2015ರವರೆಗೂ ಕೆಲಸ ಮಾಡಿತು.

ಈಗ ನಿಮ್ಮ ಲ್ಯಾಪ್‌ಟಾಪ್ ವಿಚಾರ. ನಿಮ್ಮ ವಿಷಯದಲ್ಲಿ ದಿನದ ಕೆಲಸ ಏನು? ಪೇಪರ್ ಓದುವುದು, ಗ್ರಾಫ್ ಹಾಕುವುದು, ಬರೆಯುವುದು, ಹದಿನೈದು ದಿನಕ್ಕೊಮ್ಮೆ ಗ್ರೂಪ್ ಮೀಟಿಂಗಿಗೆ ಸ್ಲೈಡ್ ಮಾಡುವುದು. ಇಷ್ಟಕ್ಕೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಇರುವ ಸಾಧಾರಣ ಲ್ಯಾಪ್‌ಟಾಪ್ ಧಾರಾಳವಾಯಿತು. ರ‍್ಯಾಮ್‌ನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಈಗ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸೋಕೆ ಆಗಲ್ಲ. ‘ಮುಂದೆ ಸಿಮ್ಯುಲೇಶನ್ ಮಾಡ್ತೀನಿ, ಗ್ರಾಫಿಕ್ಸ್ ಕಾರ್ಡ್ ಬೇಕು’ ಅಂತ ನಿಮ್ಮ ಪಕ್ಕದ ಟೇಬಲ್‌ನವರು ಹೇಳಿರುತ್ತಾರೆ, ಅಲ್ವಾ? ದೊಡ್ಡ ಲೆಕ್ಕಗಳನ್ನು ಲ್ಯಾಪ್‌ಟಾಪಿನಲ್ಲಿ ಯಾರೂ ಮಾಡುವುದಿಲ್ಲ. ಅದಕ್ಕೆ ಸಂಸ್ಥೆಯ ಕ್ಲಸ್ಟರ್, ಅಂದರೆ ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರ್, ಇರುತ್ತದೆ. ಇದೇ ಊರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಕೂರಿಸಿದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಹೆಚ್ಚು ಲೆಕ್ಕ. ಇಂಥ ಕಡೆ ಲೆಕ್ಕ ಓಡುತ್ತಿರುವಾಗ ನಿಮ್ಮ ಲ್ಯಾಪ್‌ಟಾಪಿನ ಕೆಲಸ ಕಮಾಂಡ್ ಕಳಿಸಿ, ಫಲಿತಾಂಶ ತರಿಸಿಕೊಳ್ಳುವುದು. ಅದಕ್ಕೆ ನಿಮ್ಮ ಬಿ.ಎಸ್ಸಿ. ಲ್ಯಾಪ್‌ಟಾಪೂ ಸಾಕು.

ಮೊದಲು ಕೆಡುವುದು ಬ್ಯಾಟರಿ. ನಮ್ಮ ಪಕ್ಕದ ಲ್ಯಾಬಿನವರು ಬ್ಯಾಟರಿ ಮೇಲೇ ಕೆಲಸ ಮಾಡುತ್ತಾರೆ, ಚಹಾ ಹೊತ್ತಿನಲ್ಲಿ ಇದೇ ಮಾತು. ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಸೋನಿಯ ಮೂಲಕ ಮಾರುಕಟ್ಟೆಗೆ ಬಂತು. ಅದರ ಹಿಂದಿನ ರಸಾಯನಶಾಸ್ತ್ರಕ್ಕೆ 2019ರಲ್ಲಿ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಪಿಎಚ್‌ಡಿ ತಡವಾಗುತ್ತಿದೆ ಅಂತ ಬೇಜಾರಾದಾಗ ಇದನ್ನು ನೆನಪಿಸಿಕೊಳ್ಳಿ. ಈ ಬ್ಯಾಟರಿಗೆ ಎರಡು ವಿಷಯ ಆಗಿಬರುವುದಿಲ್ಲ. ಒಂದು ಬಿಸಿ, ಇನ್ನೊಂದು ಸದಾ ನೂರಕ್ಕೆ ನೂರು ತುಂಬಿಕೊಂಡು ಇರುವುದು. ಇಡೀ ದಿನ ಲ್ಯಾಬಿನಲ್ಲಿ ಪ್ಲಗ್ ಹಾಕಿಯೇ ಇಡುತ್ತೀರಿ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಚಾರ್ಜ್ 80ಕ್ಕೆ ನಿಲ್ಲುವ ಹಾಗೆ ಮಾಡಿ, ಈಗ ಬಹುತೇಕ ಕಂಪನಿಗಳು ಆ ಸೌಲಭ್ಯ ಕೊಡುತ್ತವೆ. ಹಾಸಿಗೆ ಮೇಲೆ, ರಜಾಯಿ ಮೇಲೆ ಇಟ್ಟು ಕೆಲಸ ಮಾಡಬೇಡಿ. ಕೆಳಗಿನ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ. ಕೊಳ್ಳುವಾಗ ‘ಬ್ಯಾಟರಿ ಬದಲಾಯಿಸೋಕೆ ಆಗುತ್ತಾ, ಎಷ್ಟಾಗುತ್ತೆ’ ಅಂತ ಕೇಳಿ. ಅಂಗಡಿಯವರು ಆ ಪ್ರಶ್ನೆಗೆ ಹೇಗೆ ಉತ್ತರ ಕೊಡುತ್ತಾರೆ ಅನ್ನುವುದರಿಂದಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಟ್ಯಾಬ್ ಯಾಕೆ ಬೇಡ ಅಂದೆ? ‘ಈಗ’ ಬೇಡ ಅಂದೆ. ಓದುವ ಕಷ್ಟ ನಿಜ. ನಮ್ಮ ಕಾಲದಲ್ಲಿ ಪೇಪರ್ ಸಿಗುವುದೇ ಸಾಹಸ. ಲೈಬ್ರರಿಯಲ್ಲಿ ಬೈಂಡ್ ಮಾಡಿದ ಸಂಪುಟ ಹುಡುಕಿ, ಹೊತ್ತು ತಂದು, ಜೆರಾಕ್ಸ್ ಮಾಡಿಸಬೇಕಿತ್ತು. ಈಗ 2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒಂದು ದೇಶ, ಒಂದು ಚಂದಾ’ ಯೋಜನೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ಹುಡುಕುವ ಕಷ್ಟ ಹೋಗಿ ಓದುವ ಕಷ್ಟ ಬಂತು. ಡೌನ್‌ಲೋಡ್ ಮಾಡಿದ್ದನ್ನೇ ಓದಿದ ಹಾಗೆ ಅಂದುಕೊಳ್ಳುವ ಚಟ ನನಗೂ ಇದೆ.

ಪಿಡಿಎಫ್ 1993ರಲ್ಲಿ ಹುಟ್ಟಿದ್ದೇ ಪುಟವನ್ನು ಇದ್ದ ಹಾಗೇ ಹಿಡಿದಿಡುವುದಕ್ಕೆ. ಎಲ್ಲಿ ತೆರೆದರೂ, ಎಲ್ಲಿ ಪ್ರಿಂಟ್ ಹಾಕಿದರೂ ಅದೇ ಪುಟ, ಅದೇ ಸಾಲು. ಅದರ ಗುಣವೂ ಅದೇ, ಕಾಟವೂ ಅದೇ. ಎ4 ಅಳತೆಯಲ್ಲಿ ಎರಡು ಕಾಲಂ ಮಾಡಿದ ಪೇಪರ್ ಚಿಕ್ಕ ಪರದೆಗೆ ತಕ್ಕಂತೆ ಸಾಲು ಬದಲಿಸಿಕೊಂಡು ಹೊಂದಿಕೊಳ್ಳುವುದಿಲ್ಲ, ಇಡೀ ಪುಟ ಕುಗ್ಗುತ್ತದೆ ಅಷ್ಟೇ. ನಾನು ಒಂದು ಕಾಲದಲ್ಲಿ ಆಸೆಪಟ್ಟು 6 ಇಂಚಿನ ಇ-ಇಂಕ್ ರೀಡರ್ ತೆಗೆದುಕೊಂಡೆ. ಅದರ ಪರದೆ ನೋಡಲು ಬಹಳ ಚೆಂದ. ಒಳಗೆ ಸೂಕ್ಷ್ಮವಾದ ಗುಳಿಗೆಗಳಿರುತ್ತವೆ. ಅವುಗಳಲ್ಲಿ ಬಿಳಿ ಕಣ, ಕಪ್ಪು ಕಣ, ಒಂದಕ್ಕೊಂದು ವಿರುದ್ಧ ಚಾರ್ಜ್. ವಿದ್ಯುತ್ತಿನ ದಿಕ್ಕು ಬದಲಿಸಿದರೆ ಒಂದು ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ. ಪುಟ ತಿರುಗಿಸುವಾಗ ಮಾತ್ರ ಅದಕ್ಕೆ ಕರೆಂಟ್ ಬೇಕು, ಸುಮ್ನೆ ತೋರಿಸುತ್ತಾ ಇರುವುದಕ್ಕೆ ಬೇಡ. ಹಾಗಾಗಿ ಚಾರ್ಜ್ ವಾರಗಟ್ಟಲೆ ಬರುತ್ತದೆ, ಬಿಸಿಲಲ್ಲೂ ಕಣ್ಣು ಕುಕ್ಕುವುದಿಲ್ಲ. ಆದರೆ ಎ4 ಹಾಳೆ 21 ಸೆಂಟಿಮೀಟರ್ ಅಗಲ. ಆ ಪರದೆ 9 ಸೆಂಟಿಮೀಟರ್. ಅಕ್ಷರ ಸಾಸಿವೆ ಕಾಳು. ಸಮೀಕರಣದ ಮೇಲಿನ ಘಾತ ಎರಡಾ ಮೂರಾ ಅಂತ ಕನ್ನಡಕ ಎತ್ತಿ ನೋಡಬೇಕಿತ್ತು. ಈಗ ಅದರಲ್ಲಿ ಕಾದಂಬರಿ ಓದುತ್ತೇನೆ, ಅದಕ್ಕೆ ಬಂಗಾರದಂಥ ವಸ್ತು. ಪೇಪರ್ ಓದಲೆಂದೇ ತೆಗೆದುಕೊಳ್ಳುತ್ತೀರಿ ಅಂದರೆ 10 ಇಂಚು ದಾಟಿದ್ದು ಬೇಕು. ಅದೂ ಹೆಚ್ಚುಕಡಿಮೆ ಎ5 ಹಾಳೆಯಷ್ಟೇ. 13 ಇಂಚಿನದ್ದಾದರೆ ಎ4ಕ್ಕೆ ಹತ್ತಿರ ಬರುತ್ತದೆ, ಬೆಲೆ ಕೇಳಿದರೆ ಪ್ರಿಂಟರೇ ವಾಸಿ ಅನಿಸುತ್ತದೆ.

ನಾನು ಈಗಲೂ ಮಾಡುವುದು ಅದನ್ನೇ. ವಾರಕ್ಕೆ ಎರಡು ಪೇಪರ್ ಮಾತ್ರ ಕೂತು ಗಂಭೀರವಾಗಿ ಓದುತ್ತೇನೆ. ಆ ಎರಡನ್ನು ಪ್ರಿಂಟ್ ಹಾಕುತ್ತೇನೆ. ಮಿಕ್ಕ ಇಪ್ಪತ್ತನ್ನು ಪರದೆಯ ಮೇಲೆ ಕಣ್ಣಾಡಿಸಿ ಬಿಡುತ್ತೇನೆ.

‘ಟ್ಯಾಬಿನಲ್ಲಿ ಪೆನ್ನಿನಿಂದ ಬರೆದರೆ ನೆನಪಿರುತ್ತದಂತೆ’ ಅಂತ ನಿಮಗೆ ಯಾರಾದರೂ ಹೇಳಿರಬಹುದು. ಆ ಮಾತಿನ ಮೂಲ ಬಹುಮಟ್ಟಿಗೆ 2014ರ ಒಂದು ಅಮೆರಿಕನ್ ಅಧ್ಯಯನ. ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಿದವರು ಕೇಳಿದ್ದನ್ನು ಅಕ್ಷರಶಃ ಟೈಪ್ ಮಾಡುತ್ತಾರೆ, ಕೈಯಲ್ಲಿ ಬರೆದವರು ಅರ್ಥ ಮಾಡಿಕೊಂಡು ಬರೆಯುತ್ತಾರೆ, ಹಾಗಾಗಿ ಪರಿಕಲ್ಪನೆಯ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸುತ್ತಾರೆ ಅಂತ ಅದು ಹೇಳಿತು. ಆಮೇಲೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಅಷ್ಟು ಸ್ಪಷ್ಟವಾದ ಫಲ ಸಿಗಲಿಲ್ಲ. ನನ್ನ ಅನುಭವ ಬೇರೆ. ನೋಟ್ಸ್ ಹೇಗೆ ಬರೆದೆ ಅನ್ನುವುದಕ್ಕಿಂತ ಮತ್ತೆ ತೆರೆದೆನಾ ಇಲ್ಲವಾ ಅನ್ನುವುದೇ ಮುಖ್ಯವಾಯಿತು. ಅವೆನ್ಯೂ ರಸ್ತೆಯಲ್ಲಿ ಸಿಗುವ ಇನ್ನೂರು ಪುಟದ ಉದ್ದ ನೋಟ್‌ಬುಕ್, ಪ್ರತಿ ಪುಟಕ್ಕೆ ನಂಬರ್, ತಾರೀಕು, ಕೊನೆಯಲ್ಲಿ ಎರಡು ಪುಟ ಪರಿವಿಡಿಗೆ. ನನ್ನದು ಇಷ್ಟೇ.

ಟ್ಯಾಬಿನ ಮೇಲೆ ನನಗಿರುವ ಅಸಲು ಅನುಮಾನ ಬೇರೆ. ಅದರಲ್ಲಿ ಬರೆದದ್ದು ಆ ಆ್ಯಪ್‌ನ ಒಳಗೇ, ಅದರದೇ ರೂಪದಲ್ಲಿ ಇರುತ್ತದೆ. ಆ್ಯಪ್ ನಿಂತರೆ, ಚಂದಾ ಕಟ್ಟುವುದು ಬಿಟ್ಟರೆ, ನೀವು ಬೇರೆ ಕಂಪನಿಯ ಟ್ಯಾಬ್‌ಗೆ ಹೋದರೆ ಐದು ವರ್ಷದ ಬರವಣಿಗೆ ಎಲ್ಲಿ? ತೆಗೆದುಕೊಂಡೇ ತೀರುತ್ತೀರಿ ಅಂದರೆ ತಿಂಗಳಿಗೊಮ್ಮೆ ಎಲ್ಲ ನೋಟ್ಸನ್ನೂ ಪಿಡಿಎಫ್ ಮಾಡಿ ಹೊರಗೆ ತೆಗೆದಿಡಿ.

ಈ ಭಯ ನನಗೆ ಹುಟ್ಟಿದ್ದು ಲ್ಯಾಬಿನಲ್ಲಲ್ಲ, ಮನೆಯಲ್ಲಿ. ನಮ್ಮ ಅಪ್ಪ ಮೇಷ್ಟ್ರು. ನಿವೃತ್ತಿಯಾದ ಮೇಲೆ ನಮ್ಮೂರಿನ ಜಾತ್ರೆ, ಕೆರೆ, ಹಳೇ ಮನೆತನಗಳ ಬಗ್ಗೆ ಬರೆಯುತ್ತಿದ್ದರು. 2004, 2005ರ ಸುಮಾರಿಗೆ ನುಡಿಯಲ್ಲಿ ಟೈಪ್ ಮಾಡುವುದು ಕಲಿತರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ‘ಎಷ್ಟು ಬೇಗ ಬರುತ್ತೆ ನೋಡೇ’ ಅಂತ ಖುಷಿಪಡುತ್ತಿದ್ದರು. ನೂರಿಪ್ಪತ್ತು ಪುಟ ಆಯಿತು. 2019ರಲ್ಲಿ ಆ ಸಿಡಿ ಹುಡುಕಿ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದೆ. ಒಂದಕ್ಷರ ಕನ್ನಡ ಇಲ್ಲ. ಪುಟದ ತುಂಬ ತಲೆ ಮೇಲೆ ಟೋಪಿ, ಕೊಂಬು, ಚುಕ್ಕೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ‘ಇದು ನಾನು ಬರ್ದಿದ್ದಲ್ಲ’ ಅಂದರು.

ಆದದ್ದು ಇಷ್ಟು. ಆಗಿನ ಆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಸಂಖ್ಯೆ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಯನ್ನೇ ಸಾಲ ತೆಗೆದುಕೊಂಡು, ಅದರ ಮೇಲೆ ಫಾಂಟ್ ಕನ್ನಡದ ಆಕಾರ ಬಿಡಿಸುತ್ತಿತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ, ಹಾಗಾಗಿ ಈಗ ಮೊಬೈಲಿನಲ್ಲಿ ಬರೆದದ್ದು ಎಲ್ಲಿ ತೆರೆದರೂ ಕನ್ನಡವೇ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ತಂತ್ರಾಂಶಗಳಿವೆ. ಒಂದು ಭಾನುವಾರ ಇಡೀ ಕೂತು ಬದಲಿಸಿದೆವು. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು. ಅಪ್ಪ ಮೇಷ್ಟ್ರಲ್ವಾ, ಕೆಂಪು ಪೆನ್ನು ಹಿಡಿದು ಪ್ರಿಂಟಿನ ಮೇಲೆ ಒಂದೊಂದೇ ಗುರುತು ಹಾಕಿದರು. ನಮ್ಮ ಅದೃಷ್ಟ, ಅದು ಬಹಳ ಜನ ಬಳಸಿದ ಫಾಂಟ್. ಅದಕ್ಕೇ ಯಾರೋ ಪರಿವರ್ತಕ ಬರೆದಿಟ್ಟಿದ್ದರು. ಹತ್ತು ಜನ ಬಳಸುವ ಆ್ಯಪ್‌ಗೆ ಯಾರು ಬರೆಯುತ್ತಾರೆ?

ಆದ್ದರಿಂದ ನಿಮ್ಮ ಮೂಲ ಅಳತೆಗಳನ್ನು ಸಾದಾ ಟೆಕ್ಸ್ಟ್ ಫೈಲಾಗಿ ಇಡಿ. ಎಕ್ಸ್‌ಆರ್‌ಡಿ ಯಂತ್ರ ತನ್ನದೇ ರೂಪದ ಫೈಲ್ ಕೊಟ್ಟರೂ, ಜೊತೆಗೆ ಎರಡು ಕಾಲಂನ ಟೆಕ್ಸ್ಟ್ ತೆಗೆದುಕೊಳ್ಳಿ. ಒಂದರಲ್ಲಿ ಕೋನ, ಇನ್ನೊಂದರಲ್ಲಿ ಎಣಿಕೆ. ಮೂವತ್ತು ವರ್ಷ ಬಿಟ್ಟು ತೆರೆದರೂ ಅರ್ಥವಾಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಕೆಲಸ ಮಾಡಿ, ಆದರೆ ಮೂಲವನ್ನು ಅದಕ್ಕೆ ಒಪ್ಪಿಸಬೇಡಿ. ನನ್ನ ವಿದ್ಯಾರ್ಥಿ ಒಬ್ಬ ಸ್ಯಾಂಪಲ್‌ಗಳಿಗೆ 5-2, 5-3 ಅಂತ ಹೆಸರಿಟ್ಟಿದ್ದ. ಸ್ಪ್ರೆಡ್‌ಶೀಟ್ ಅದನ್ನು ಫೆಬ್ರವರಿ 5, ಮಾರ್ಚ್ 5 ಮಾಡಿಬಿಟ್ಟಿತು. ನಾವು ನಕ್ಕೆವು. ಜೀವಶಾಸ್ತ್ರದವರು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಅವರಲ್ಲಿ ಕೆಲವು ಜೀನ್‌ಗಳ ಹೆಸರೇ ಮಾರ್ಚ್1, ಸೆಪ್ಟ್2 ಅಂತ ಇದ್ದವು. ಎಕ್ಸೆಲ್ ಅವನ್ನು ತಾರೀಕು ಮಾಡುತ್ತಿತ್ತು. ಜೀನ್ ಪಟ್ಟಿ ಎಕ್ಸೆಲ್ ಫೈಲಾಗಿ ಲಗತ್ತಿಸಿದ್ದ ಪೇಪರ್‌ಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪಿದೆ ಅಂತ 2016ರಲ್ಲಿ ಲೆಕ್ಕ ಹಾಕಿದರು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿದರು. ತಂತ್ರಾಂಶ ಬದಲಾಗಲಿಲ್ಲ ಅಂತ ಮನುಷ್ಯರ ಜೀನ್ ಹೆಸರು ಬದಲಾಯಿತು, ನೋಡಿ!

ಥೀಸಿಸ್ ಬರೆಯುವುದಕ್ಕೆ ಯಾವ ತಂತ್ರಾಂಶ, ಲೇಟೆಕ್ಸಾ ವರ್ಡಾ ಅಂತ ಮುಂದೆ ಜಗಳ ಬರುತ್ತದೆ. ನಿಮ್ಮ ಗೈಡ್ ಏನು ಬಳಸುತ್ತಾರೋ ಅದನ್ನೇ ಬಳಸಿ, ತಿದ್ದುವವರು ಅವರೇ ತಾನೆ.

ಇನ್ನು ಆ ಎರಡು ಹಾರ್ಡ್ ಡಿಸ್ಕ್. ಲೆಕ್ಕ ಸುಲಭ: ಮೂರು ಕಾಪಿ, ಎರಡು ಬಗೆಯ ಜಾಗದಲ್ಲಿ, ಒಂದು ಬೇರೆ ಊರಲ್ಲಿ. ಲ್ಯಾಪ್‌ಟಾಪಿನಲ್ಲಿ ಇರುವುದು ಒಂದು. ಹಾಸ್ಟೆಲ್ ಕೋಣೆಯ ಡಿಸ್ಕಿನಲ್ಲಿ ಇನ್ನೊಂದು. ಪ್ರತಿ ಶನಿವಾರ ರಾತ್ರಿ ಊಟಕ್ಕೆ ಹೋಗುವ ಮುಂಚೆ ಅದನ್ನು ಸಿಕ್ಕಿಸಿ ಹೋಗಿ, ಬರುವಷ್ಟರಲ್ಲಿ ಕಾಪಿ ಆಗಿರುತ್ತದೆ. ಮೂರನೆಯದು ಹಾಸನದಲ್ಲಿ, ನಿಮ್ಮ ಅಪ್ಪನ ಬೀರುವಿನಲ್ಲಿ. ಯುಗಾದಿಗೆ, ದೀಪಾವಳಿಗೆ ಹೋಗುತ್ತೀರಲ್ಲ, ಆಗ ಕೋಣೆಯ ಡಿಸ್ಕ್ ತೆಗೆದುಕೊಂಡು ಹೋಗಿ ಬೀರುವಿನಲ್ಲಿ ಇಡಿ, ಬೀರುವಿನದ್ದು ತನ್ನಿ. ಬೀರುವಿಗೆ ಎಸ್‌ಎಸ್‌ಡಿ ಬೇಡ. ಅದರಲ್ಲಿ ಮಾಹಿತಿ ನಿಂತಿರುವುದು ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನುಗಳ ರೂಪದಲ್ಲಿ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ಅವು ನಿಧಾನವಾಗಿ ಸೋರುತ್ತವೆ, ಬಿಸಿಲ ಊರಲ್ಲಿ ಇನ್ನೂ ಬೇಗ. ಜನಸಾಮಾನ್ಯರ ಎಸ್‌ಎಸ್‌ಡಿಗೆ ಉದ್ಯಮದ ಮಾನದಂಡ ಕೇಳುವುದು ಇಷ್ಟೇ: ಬರೆದು ಬರೆದು ಸವೆದ ಮೇಲೆ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಉಳಿಯಬೇಕು. ಹೊಸದು ಅದಕ್ಕಿಂತ ಜಾಸ್ತಿ ತಡೆಯುತ್ತದೆ ಅನ್ನಿ. ಆದರೂ ಬೀರುವಿಗೆ ಹಳೇ ಮಾದರಿಯ ತಿರುಗುವ ಡಿಸ್ಕೇ ಸರಿ. ನನಗೆ ಕೈಕೊಟ್ಟದ್ದನ್ನೇ ನಿಮಗೆ ಹೇಳುತ್ತಿದ್ದೇನೆ ಅಂತ ನಗಬೇಡಿ. ಸುಮ್ಮನೆ ಮಲಗಿದ್ದಾಗ ಅದು ತಿರುಗುವುದೂ ಇಲ್ಲ, ಹೆಡ್ಡು ತೇಲುವುದೂ ಇಲ್ಲ. ಅಂದಹಾಗೆ 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ತೋರಿಸುತ್ತದೆ. ಅಂಗಡಿಯವರ ಜೊತೆ ಜಗಳಕ್ಕೆ ಇಳಿಯಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ.

‘ಎಲ್ಲ ಗೂಗಲ್ ಡ್ರೈವ್‌ನಲ್ಲಿ ಇದೆಯಲ್ಲ’ ಅನ್ನುತ್ತೀರಾ? ಇರಲಿ, ಒಳ್ಳೆಯದೇ. ಆದರೆ ತಾನೇ ಹೊಂದಿಸಿಕೊಳ್ಳುವ ಡ್ರೈವ್‌ನಲ್ಲಿ, ನೀವು ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ದಿನ ಇರುತ್ತದೆ, ಅಷ್ಟೇ. ಸಂಸ್ಥೆಯ ಖಾತೆ ಆದರೆ ಇನ್ನೊಂದು ವಿಷಯ. ಒಂದು ಕಾಲದಲ್ಲಿ ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿತ್ತು. 2022ರ ಜುಲೈನಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಅಂತ ಮಾಡಿತು. ಕೋರ್ಸ್ ಮುಗಿದ ಮೇಲೆ ಹಳೇ ವಿದ್ಯಾರ್ಥಿಗಳ ಖಾತೆಯನ್ನು ಸಂಸ್ಥೆಗಳು ಮುಚ್ಚುವುದೂ ಇದೆ. ಡಿಗ್ರಿ ಸಿಕ್ಕ ಖುಷಿಯಲ್ಲಿ ಇದು ಯಾರಿಗೂ ನೆನಪಿರುವುದಿಲ್ಲ.

ಲ್ಯಾಬಿನ ಯಂತ್ರಗಳ ಕಂಪ್ಯೂಟರ್ ಬಗ್ಗೆ ಒಂದು ಮಾತು. ಅವುಗಳಲ್ಲಿ ಕೆಲವು ಇನ್ನೂ ವಿಂಡೋಸ್ ಎಕ್ಸ್‌ಪಿಯಲ್ಲೇ ಓಡುತ್ತಿರುತ್ತವೆ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಂತಿದೆ. ಯಂತ್ರ ಕೋಟಿ ರೂಪಾಯಿಯದ್ದು, ಅದರ ತಂತ್ರಾಂಶ ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲ, ಏನು ಮಾಡೋದು. ನೆಟ್ ಕೊಡುವುದಿಲ್ಲ, ಆದ್ದರಿಂದ ಎಲ್ಲರೂ ಪೆನ್‌ಡ್ರೈವ್ ಸಿಕ್ಕಿಸುತ್ತಾರೆ. ವೈರಸ್ ಹತ್ತಿ ಒಬ್ಬರ ಫೋಲ್ಡರ್‌ಗಳು ಶಾರ್ಟ್‌ಕಟ್ ಆದರೆ ಸಂಜೆಯೊಳಗೆ ಇಡೀ ಮಹಡಿಯದ್ದು ಆಗುತ್ತದೆ, ಹಾಸ್ಟೆಲಿನ ನೆಗಡಿ ಹಾಗೆ. ಆ ಯಂತ್ರಗಳಿಗೆ ಅಂತಲೇ ಒಂದು ಚಿಕ್ಕ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಅದರಲ್ಲಿ ಬೇರೆ ಏನೂ ಇರಬಾರದು.

ನೀವು ಕೇಳದ್ದು ಒಂದಿದೆ, ಆದರೂ ಹೇಳುತ್ತೇನೆ. ಸಂಶೋಧನೆಯ ಬದುಕನ್ನು ಅತಿ ಹೆಚ್ಚು ಬದಲಿಸಿದ ವಸ್ತು ಯಾವುದು ಅಂದರೆ ಲ್ಯಾಪ್‌ಟಾಪೂ ಅಲ್ಲ, ಟ್ಯಾಬೂ ಅಲ್ಲ, ಗೈಡ್ ಇರುವ ವಾಟ್ಸ್ಆ್ಯಪ್ ಗ್ರೂಪ್. ನಾನೂ ರಾತ್ರಿ ಹನ್ನೊಂದಕ್ಕೆ ‘ಆ ಗ್ರಾಫ್ ಏನಾಯ್ತು?’ ಅಂತ ಹಾಕುತ್ತಿದ್ದೆ. ನನಗೆ ಆಗ ನೆನಪಾಯಿತು, ಹಾಕಿದೆ, ಮಲಗಿದೆ. ಒಂದು ದಿನ ನನ್ನ ವಿದ್ಯಾರ್ಥಿನಿ ‘ಮೇಡಂ, ನೀವು ಹಾಕಿ ಮಲಗ್ತೀರಿ, ನಾವು ನೋಡಿ ಏಳ್ತೀವಿ’ ಅಂದಳು. ಆಮೇಲಿಂದ ಬೆಳಿಗ್ಗೆ ಒಂಬತ್ತಕ್ಕೆ ಹೋಗುವ ಹಾಗೆ ಇಮೇಲ್ ಬರೆದಿಡುತ್ತೇನೆ. ಅರ್ಧದಷ್ಟನ್ನು ಬೆಳಿಗ್ಗೆ ಎದ್ದು ನಾನೇ ಅಳಿಸುತ್ತೇನೆ, ಅಷ್ಟು ಅರ್ಜೆಂಟ್ ಏನೂ ಇರುವುದಿಲ್ಲ. ನಿಮ್ಮ ಗೈಡ್ ಹೇಗೋ ಗೊತ್ತಿಲ್ಲ. ಫೋನನ್ನು ಹಾಸಿಗೆಯಿಂದ ದೂರ ಚಾರ್ಜಿಗೆ ಹಾಕುವುದಕ್ಕೆ ದುಡ್ಡೇನೂ ಬೇಕಿಲ್ಲ.

ಲೆಕ್ಕ ಹಾಕೋಣ. ನಿಮ್ಮ ಕೈಗೆ ಬಂದದ್ದು ಎರಡು ಲಕ್ಷ ಚಿಲ್ಲರೆ. ಫೆಲೋಶಿಪ್ 2019ರಲ್ಲಿ 31,000 ಆಯಿತು, 2023ರ ಜನವರಿಯಿಂದ 37,000. ಎರಡು ವರ್ಷ ಮುಗಿಸಿ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆದ ಮೇಲೆ 42,000. ಮಧ್ಯೆ ಮತ್ತೆ ಐದಾರು ತಿಂಗಳು ನಿಲ್ಲುವುದಿಲ್ಲ ಅಂತ ಯಾರೂ ಬರೆದುಕೊಡುವುದಿಲ್ಲ. ಮೊದಲ ಸಲ ನಿಂತಾಗ ಮೆಸ್ ಬಿಲ್ಲಿಗೆ ಯಾರ ಹತ್ತಿರ ಕೈಚಾಚಿದಿರಿ ಅಂತ ನೆನಪಿಸಿಕೊಳ್ಳಿ. ಅಷ್ಟು ತಿಂಗಳ ಮೆಸ್ಸು, ಬಾಡಿಗೆಯ ದುಡ್ಡನ್ನು ಪಕ್ಕಕ್ಕೆ ಎತ್ತಿಟ್ಟು, ಉಳಿದದ್ದರಲ್ಲಿ ಲ್ಯಾಪ್‌ಟಾಪ್, ಎರಡು ಡಿಸ್ಕ್. ಒಂದು ವರ್ಷ ಕಳೆದ ಮೇಲೂ ಟ್ಯಾಬ್ ಬೇಕು ಅನಿಸಿದರೆ ಆಗ ತೆಗೆದುಕೊಳ್ಳಿ. ಅಷ್ಟರಲ್ಲಿ ನಿಮ್ಮ ಪಕ್ಕದ ಟೇಬಲ್‌ನವರು ತಮ್ಮದನ್ನು ಮಾರುತ್ತಿರುತ್ತಾರೆ.

ಎಸ್.ಪಿ. ರಸ್ತೆಗೆ ಹಸಿರು ಮಾರ್ಗದ ಮೆಟ್ರೊದಲ್ಲಿ ಹೋಗಿ. ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರ್ಕೆಟ್‌ನಲ್ಲೋ ಇಳಿದು ನಡೆಯಬಹುದು. ಭಾನುವಾರ ಬೇಡ, ಬಹಳ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಡಿಸ್ಕಿನ ಪ್ಯಾಕೆಟ್ಟಿನ ಸೀಲ್ ನೋಡಿ, ಅದರ ಮೇಲಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಲ್ ಅನ್ನು ಅಲ್ಲೇ, ಅಂಗಡಿಯ ಮುಂದೆಯೇ ನಿಂತು ಫೋಟೊ ತೆಗೆಯಿರಿ. ಚಿಕ್ಕ ಮಷಿನ್‌ನಿಂದ ಬರುವ ಆ ನುಣುಪು ಕಾಗದದಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದ ಕಡೆ ಕಪ್ಪಾಗುವ ಬಣ್ಣ ಅದು, ಬಿಸಿಲಿಗೂ ಕಾಲಕ್ಕೂ ಮಾಸಿಹೋಗುತ್ತದೆ. ಒಮ್ಮೆ ಕಂಟಿಂಜೆನ್ಸಿಯಲ್ಲಿ, ಅಂದರೆ ಸಂಶೋಧನೆಯ ಖರ್ಚಿಗೆ ಕೊಡುವ ಹಣದಲ್ಲಿ, ಹಾಕೋಣ ಅಂತ ನಾನು ಜೋಪಾನವಾಗಿ ಫೈಲ್ ಮಾಡಿಟ್ಟಿದ್ದ ಬಿಲ್ ಅನ್ನು ಅಕೌಂಟ್ಸ್ ಸೆಕ್ಷನ್‌ನವರು ಎಂಟು ತಿಂಗಳ ಮೇಲೆ ಕೇಳಿದರು. ತೆಗೆದುಕೊಟ್ಟೆ. ಅವರು ಎರಡೂ ಬದಿ ತಿರುಗಿಸಿ ನೋಡಿ, ‘ಮೇಡಂ, ಇದು ಬರೀ ಹಾಳೆ’ ಅಂದರು.